ಬೆಂಗಳೂರಿನ ಸಿಂಗಲ್ ಮಾಲ್ಟ್: ಮಾಗುವಿಕೆ ಮತ್ತು ಸವಿಯ ಪರೀಕ್ಷೆ

ಒಂದೇ ಬಟ್ಟಿಮನೆಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯೊಂದರಿಂದಲೇ, ತಾಮ್ರದ ಹಂಡೆಗಳಲ್ಲಿ ಬಟ್ಟಿ ಇಳಿಸಿ, ಓಕ್ ಮರದ ಪೀಪಾಯಿಗಳಲ್ಲಿ ಮಾಗಿಸಿದ ವಿಸ್ಕಿಗೆ ಸಿಂಗಲ್ ಮಾಲ್ಟ್ ಎಂದು ಹೆಸರು. ಭಾರತದಲ್ಲಿ ತಯಾರಾಗಿ ಹೊರದೇಶಗಳಲ್ಲಿ ಹೆಸರು ಮಾಡಿದ ಸಿಂಗಲ್ ಮಾಲ್ಟ್‌ಗಳಲ್ಲಿ ಮೊದಲನೆಯದು ಬೆಂಗಳೂರಿನ ಹೊರವಲಯದ್ದು. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಂತೆ ನಗರದ ಅಂಚಿನಲ್ಲಿ ಬೆಳೆದ ಇನ್ನೊಂದು ಕೈಗಾರಿಕಾ ಪ್ರದೇಶ ಮೈಸೂರು ರಸ್ತೆಯ ಕುಂಬಳಗೋಡು. ಅದರ ಮಗ್ಗುಲಿನ ಕಂಬೀಪುರದಲ್ಲಿ ಅಮೃತ್ ಡಿಸ್ಟಿಲರೀಸ್‌ನ ಬಟ್ಟಿಮನೆ ಇದೆ. ಜೆ. ಎನ್. ರಾಧಾಕೃಷ್ಣರಾವ್ ಜಗದಾಳೆ 1948ರಲ್ಲಿ ಆರಂಭಿಸಿದ ಈ ಸಂಸ್ಥೆ ದಶಕಗಳ ಕಾಲ ರಮ್, ಬ್ರಾಂದಿ ಮತ್ತು ಮಿಶ್ರಣದ ವಿಸ್ಕಿಗಳಲ್ಲೇ ನಡೆಯಿತು. ಅವರ ಮಗ ನೀಲಕಂಠರಾವ್ ಜಗದಾಳೆಯವರ ಕಾಲದಲ್ಲಿ, 2004ರ ಆಗಸ್ಟ್ 24ರಂದು, ಅಮೃತ್ ಸಿಂಗಲ್ ಮಾಲ್ಟ್ ಮಾರುಕಟ್ಟೆಗೆ ಬಂತು. ಬಿಡುಗಡೆಯಾದದ್ದು ಬೆಂಗಳೂರಿನಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ತಯಾರಾದ ಊರಿಗೆ ಅದು ಬಂದದ್ದು 2010ರಲ್ಲಿ.

ಈ ವಿಸ್ಕಿಯ ಗುಣವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಗೆ ಮದ್ಯದ ಅಂಗಡಿಯಲ್ಲಿ ಸಿಗುವ ಸಿದ್ಧ ಉತ್ತರ ಒಂದೇ: ಎಷ್ಟು ವರ್ಷದ್ದು? ಹನ್ನೆರಡಾದರೆ ಒಳ್ಳೆಯದು, ಹದಿನೆಂಟಾದರೆ ಇನ್ನೂ ಒಳ್ಳೆಯದು. ಈ ಲೆಕ್ಕ ಸ್ಕಾಟ್ಲೆಂಡಿನಿಂದ ಬಂದದ್ದು. ಅಲ್ಲಿನ ಕಾನೂನಿನ ಪ್ರಕಾರ 700 ಲೀಟರ್ ಮೀರದ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇದ್ದದ್ದು ಮಾತ್ರ ಸ್ಕಾಚ್. ಲೇಬಲ್ಲಿನಲ್ಲಿ ವಯಸ್ಸು ಹಾಕುವುದಾದರೆ ಒಳಗಿರುವ ಅತಿ ಎಳೆಯ ವಿಸ್ಕಿಯ ವಯಸ್ಸನ್ನೇ ಹಾಕಬೇಕು. ಅಲ್ಲಿನ ತಂಪು ಹವೆಗೆ ಈ ಅಳತೆ ಹೊಂದುತ್ತದೆ. ಕುಂಬಳಗೋಡಿಗೆ ಹೊಂದುವುದಿಲ್ಲ. ಆದರೆ ಅದರ ಬದಲಿಗೆ ಚಾಲ್ತಿಗೆ ಬಂದಿರುವ, ‘ಇಲ್ಲಿಯ ಒಂದು ವರ್ಷ ಅಲ್ಲಿಯ ಮೂರು ವರ್ಷಕ್ಕೆ ಸಮ’ ಎಂಬ ಅಭಿಮಾನದ ಮಾತೂ ಅಷ್ಟೇ ದುರ್ಬಲ. ವಯಸ್ಸಿನ ಅಂಕಿಯಾಗಲಿ ಅದನ್ನು ಗುಣಿಸಿ ಪಡೆದ ಅಂಕಿಯಾಗಲಿ ಮಾಗುವಿಕೆಯ ಅಳತೆಯಲ್ಲ ಎಂಬುದು ಈ ಲೇಖನದ ನಿಲುವು.

ಮೊದಲು ಪೀಪಾಯಿಯೊಳಗೆ ಆಗುವುದೇನು ಎಂದು ನೋಡಬೇಕು. ಬಟ್ಟಿಯಿಂದ ಇಳಿದ ಹೊಸ ಮದ್ಯ ನೀರಿನಷ್ಟೇ ತಿಳಿ. ಅದರಲ್ಲಿ ಬಾರ್ಲಿಯ ವಾಸನೆಯ ಜೊತೆಗೆ ಗಂಧಕದ ಒಂದು ಕಮಟೂ ಇರುತ್ತದೆ. ಪೀಪಾಯಿಯಲ್ಲಿ ಮೂರು ಕೆಲಸಗಳು ಒಟ್ಟಿಗೇ ನಡೆಯುತ್ತವೆ. ಒಳಮೈಯ ಸುಟ್ಟ ಇದ್ದಿಲು ಗಂಧಕದ ಅಂಶವನ್ನು ಹೀರಿಕೊಳ್ಳುತ್ತದೆ. ಮರದ ಲಿಗ್ನಿನ್ ಒಡೆದು ವೆನಿಲಿನ್ ಬರುತ್ತದೆ, ಟ್ಯಾನಿನ್ ಇಳಿದು ಬಣ್ಣವನ್ನೂ ಒಗರನ್ನೂ ಕೊಡುತ್ತದೆ, ಅಮೆರಿಕದ ಓಕ್‌ನಲ್ಲಿ ಹೇರಳವಾಗಿರುವ ಲ್ಯಾಕ್ಟೋನ್‌ಗಳು ತೆಂಗಿನಕಾಯಿಯ ಪರಿಮಳ ಬಿಡುತ್ತವೆ. ಮೂರನೆಯದು ಎಲ್ಲಕ್ಕಿಂತ ನಿಧಾನದ್ದು. ಮರದ ಸೂಕ್ಷ್ಮ ರಂಧ್ರಗಳ ಮೂಲಕ ಒಳಬರುವ ಗಾಳಿಯ ಆಮ್ಲಜನಕದಿಂದ ಆಮ್ಲಗಳು ಹುಟ್ಟಿ, ಅವು ಮದ್ಯಸಾರದೊಡನೆ ಕೂಡಿ ಎಸ್ಟರ್‌ಗಳಾಗುತ್ತವೆ. ಹಣ್ಣಿನ ಪರಿಮಳ ಬಹುಪಾಲು ಇವುಗಳದ್ದು. ವಯಸ್ಸು ಎಂಬ ಒಂದೇ ಅಂಕಿ ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಮೂರೂ ಒಂದೇ ವೇಗದಲ್ಲಿ ಸಾಗುವುದಿಲ್ಲ ಎಂಬುದೇ ತೊಡಕು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ವರ್ಷದ ಸರಾಸರಿ ಉಷ್ಣತೆ 24 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಸ್ಕಾಟ್ಲೆಂಡಿನದು 9ರ ಹತ್ತಿರ. ಮಾರ್ಚ್-ಏಪ್ರಿಲ್ ಮಧ್ಯಾಹ್ನಗಳಲ್ಲಿ ಗಾಳಿ ಒಣಗಿರುತ್ತದೆ, ಮಳೆಗಾಲದಲ್ಲಿ ತೇವ ತುಂಬಿರುತ್ತದೆ. ಸ್ಕಾಟ್ಲೆಂಡಿನ ಪೀಪಾಯಿಗಳಿಂದ ವರ್ಷಕ್ಕೆ ಸುಮಾರು 2 ಪ್ರತಿಶತ ಆವಿಯಾಗಿ ಹೋದರೆ ಅಮೃತ್‌ನ ಪೀಪಾಯಿಗಳಿಂದ ಹೋಗುವುದು 10ರಿಂದ 12 ಪ್ರತಿಶತ. ಕಸುಬಿನವರು ಇದನ್ನು ಏಂಜಲ್ಸ್ ಶೇರ್ ಎನ್ನುತ್ತಾರೆ. 200 ಲೀಟರಿನ ಪೀಪಾಯಿ ಎಂದಿಟ್ಟುಕೊಂಡು 11 ಪ್ರತಿಶತದಂತೆ ಲೆಕ್ಕ ಹಾಕಿದರೆ 4 ವರ್ಷಕ್ಕೆ ಸುಮಾರು 125 ಲೀಟರ್, 8 ವರ್ಷಕ್ಕೆ 79, 12 ವರ್ಷಕ್ಕೆ 49 ಲೀಟರ್ ಉಳಿಯುತ್ತದೆ. ಅದೇ 12 ವರ್ಷಕ್ಕೆ ಸ್ಕಾಟ್ಲೆಂಡಿನಲ್ಲಿ 157 ಲೀಟರ್ ಉಳಿದಿರುತ್ತದೆ. ಇಲ್ಲಿ ಹನ್ನೆರಡು ವರ್ಷದ ವಿಸ್ಕಿ ಸಾಮಾನ್ಯ ಸರಕಾಗಲು ಸಾಧ್ಯವೇ ಇಲ್ಲವೆಂಬುದು ಈ ಲೆಕ್ಕದಿಂದಲೇ ಸ್ಪಷ್ಟ. 2013ರಲ್ಲಿ ಅಮೃತ್ ಹೊರತಂದ 8 ವರ್ಷದ ‘ಗ್ರೀಡಿ ಏಂಜಲ್ಸ್’ ಸಿಕ್ಕಿದ್ದು ಕೇವಲ 144 ಬಾಟಲಿ.

ಇದೇ ಅಂಕಿಗಳಿಂದ ಗುಣಾಕಾರದ ಮಾತೂ ಬೀಳುತ್ತದೆ. ಆವಿಯ ನಷ್ಟವನ್ನೇ ಮಾಗುವಿಕೆಯ ಗುರುತೆಂದು ಹಿಡಿದರೆ, ಬೆಂಗಳೂರಿನ 4 ವರ್ಷದಲ್ಲಿ ಆಗುವಷ್ಟು ನಷ್ಟಕ್ಕೆ ಸ್ಕಾಟ್ಲೆಂಡಿನಲ್ಲಿ ಸುಮಾರು 23 ವರ್ಷ ಬೇಕು. ಅದರ ಬದಲು, ಉಷ್ಣತೆ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆ ಎಂಬ ರಸಾಯನಶಾಸ್ತ್ರದ ಸ್ಥೂಲ ನಿಯಮವನ್ನು ಹಿಡಿದರೆ, 15 ಡಿಗ್ರಿಯ ವ್ಯತ್ಯಾಸಕ್ಕೆ ವೇಗ ಮೂರು ಪಟ್ಟಿನ ಹತ್ತಿರ ಬರುತ್ತದೆ, ಅಂದರೆ 4 ವರ್ಷ 11 ವರ್ಷಕ್ಕೆ ಸಮ. ಒಂದೇ ಪೀಪಾಯಿ ಒಂದು ಲೆಕ್ಕದಲ್ಲಿ ಹನ್ನೊಂದರದ್ದು, ಇನ್ನೊಂದರಲ್ಲಿ ಇಪ್ಪತ್ತಮೂರರದ್ದು! ಆವಿಯಾಗಿ ಹೋಗುವುದು ದ್ರವದ ಪ್ರಮಾಣ. ಅದಕ್ಕೂ ಎಸ್ಟರ್ ಹುಟ್ಟುವುದಕ್ಕೂ ನೇರ ಸಂಬಂಧವಿಲ್ಲ. ಮರದಿಂದ ಇಳಿಯುವ ಸಾರಕ್ಕೂ ಮಿತಿಯಿದೆ. ಹೊಸ ಪೀಪಾಯಿ ಧಾರಾಳವಾಗಿ ಕೊಡುತ್ತದೆ, ಎರಡು-ಮೂರು ಸಲ ಬಳಸಿದ್ದು ಕೈ ಬಿಗಿ ಹಿಡಿಯುತ್ತದೆ. ಆದ್ದರಿಂದ ಎರಡು ಹವೆಗಳ ನಡುವೆ ವಿನಿಮಯದ ದರ ಇರಲಾರದು.

ಇಲ್ಲಿ ಬಲವಾದ ಆಕ್ಷೇಪವೊಂದಿದೆ. ಬಿಸಿ ಹವೆ ಮರದ ಸಾರವನ್ನು ಬೇಗ ಹಿಂಡುತ್ತದೆ ಅಷ್ಟೇ, ನಿಧಾನದ ಕೆಲಸ ಹಿಂದೆ ಬೀಳುತ್ತದೆ; ಹಾಗಾಗಿ ಇಲ್ಲಿಯದು ಬಣ್ಣದಲ್ಲಿ ಮುದಿ, ಗುಣದಲ್ಲಿ ಎಳಸು ಎಂದು ಸ್ಕಾಟ್ಲೆಂಡಿನ ಅಭಿಮಾನಿಗಳು ವಾದಿಸುತ್ತಾರೆ. ಇದನ್ನು ತಳ್ಳಿಹಾಕುವಂತಿಲ್ಲ. ಉಷ್ಣವಲಯದ ವಿಸ್ಕಿ ಕೆಟ್ಟರೆ ಕೆಡುವುದು ಹೀಗೆಯೇ: ಮೊದಲ ಗುಟುಕಿಗೆ ವೆನಿಲ್ಲಾದ ಸಿಹಿ, ಬೆನ್ನಿಗೇ ನಾಲಿಗೆಯನ್ನು ಒಣಗಿಸುವ ಮರದ ಕಹಿ, ನಡುವೆ ಏನೂ ಇಲ್ಲ. ಆದರೆ ಇದು ಹವೆಯ ತೀರ್ಪಲ್ಲ, ಪೀಪಾಯಿಯನ್ನು ಯಾವಾಗ ತೆರೆದರು ಎಂಬುದರ ತೀರ್ಪು. ಅಮೃತ್ ತನ್ನ ಹೆಚ್ಚಿನ ವಿಸ್ಕಿಯನ್ನು ನಾಲ್ಕೈದು ವರ್ಷಕ್ಕೇ ತೆಗೆಯುವುದು ಈ ಕಹಿ ತಲೆ ಎತ್ತುವ ಮುಂಚೆ. ಇದೇ ಅನುಮಾನವನ್ನು ಕಂಪನಿಯೇ ಪರೀಕ್ಷೆಗೆ ಒಡ್ಡಿದಂತಿದ್ದದ್ದು 2009ರ ‘ಟೂ ಕಾಂಟಿನೆಂಟ್ಸ್’. ಬೆಂಗಳೂರಿನಲ್ಲಿ ಕೆಲ ವರ್ಷ ಮಾಗಿದ ಪೀಪಾಯಿಗಳನ್ನು ಯೂರೋಪಿಗೆ ಸಾಗಿಸಿ, ಅಲ್ಲಿಯ ತಂಪಿನಲ್ಲಿ ಮತ್ತಷ್ಟು ಕಾಲ ಇಟ್ಟು ಬಾಟಲಿಗೆ ತುಂಬಿದರು. ಎರಡು ಹವೆಗಳು ಎರಡು ಬೇರೆ ಕೆಲಸ ಮಾಡುತ್ತವೆ ಎಂದು ಒಪ್ಪಿಕೊಂಡವರು ಮಾತ್ರ ಮಾಡಬಹುದಾದ ಪ್ರಯೋಗ ಅದು. ಒಂದು ಹವೆ ಇನ್ನೊಂದರ ವೇಗದ ಆವೃತ್ತಿಯಾಗಿದ್ದರೆ ಹಡಗಿನ ಬಾಡಿಗೆ ಕೊಡಬೇಕಾದ ಅಗತ್ಯವೇ ಇರಲಿಲ್ಲ.

ಹವೆಯನ್ನು ಕೆಲಸಕ್ಕೆ ಹಚ್ಚುವುದು ಕರ್ನಾಟಕಕ್ಕೆ ಹೊಸದೂ ಅಲ್ಲ. ಹಾಯಿಹಡಗುಗಳ ಕಾಲದಲ್ಲಿ ಮಲಬಾರ್ ತೀರದಿಂದ ಯೂರೋಪಿಗೆ ಹೊರಟ ಕಾಫಿ ತಿಂಗಳುಗಟ್ಟಲೆ ಕಡಲ ತೇವ ಕುಡಿದು, ಊದಿಕೊಂಡು, ಹಳದಿ ತಿರುಗಿ, ಹುಳಿ ಕಳೆದುಕೊಂಡು ಸೇರುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿಹಡಗುಗಳು ಬಂದು ಪ್ರಯಾಣ ಕುಗ್ಗಿದ ಮೇಲೆ ಆ ರುಚಿ ತಪ್ಪಿತು. ಮುಂದೆ ಮಂಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳು ಬೀಜವನ್ನು ಗೋದಾಮಿನಲ್ಲಿ ಹರವಿ ಮುಂಗಾರಿನ ಗಾಳಿಗೆ ಒಡ್ಡಿ, ಮೂರು-ನಾಲ್ಕು ತಿಂಗಳಲ್ಲಿ ‘ಮಾನ್ಸೂನ್ಡ್ ಮಲಬಾರ್’ ಮಾಡಿದವು. ಅದನ್ನು ಕೊಳ್ಳುವವರು ಅದರ ವಯಸ್ಸು ಕೇಳುವುದಿಲ್ಲ. ಬೀಜದ ಬಣ್ಣ, ಗಾತ್ರ ನೋಡುತ್ತಾರೆ, ಕಪ್ಪಿನಲ್ಲಿ ರುಚಿ ನೋಡುತ್ತಾರೆ. ನಮ್ಮ ಮನೆಗಳಲ್ಲಿ ಹಳೇ ಅಕ್ಕಿಗೆ ಬೆಲೆ ಇರುವುದೂ ಅನ್ನ ಉದುರುದುರಾಗಿ ಅರಳುತ್ತದೆ ಎಂಬ ಕಾರಣಕ್ಕೇ ಹೊರತು ಮೂಟೆಯ ಮೇಲಿನ ವರ್ಷಕ್ಕಲ್ಲ. ವಿಸ್ಕಿಯ ಜೊತೆಗೆ ಹೆಸರು ಕೇಳಿಬರುವ ನಿಕರಾಗುವದ ಸಿಗಾರ್ ಅಂಕಿಯ ಮೋಹಕ್ಕೆ ಇನ್ನೂ ಒಳ್ಳೆಯ ನಿದರ್ಶನ. 1994ರಲ್ಲಿ ಬಂದ ‘ಪದ್ರೋನ್ 1964 ಆನಿವರ್ಸರಿ’ ಸಿಗಾರ್‌ನ ಹೆಸರಿನಲ್ಲಿರುವ ಅಂಕಿ ಹೊಗೆಸೊಪ್ಪಿನ ಎಲೆಯ ವರ್ಷವಲ್ಲ, ಕ್ಯೂಬಾ ಬಿಟ್ಟುಬಂದ ಹೊಸೆ ಒರ್ಲಾಂಡೊ ಪದ್ರೋನ್ ಮಯಾಮಿಯಲ್ಲಿ ಕಂಪನಿ ತೆರೆದ ವರ್ಷ. ಅದರ ಗುಣ ನಿಂತಿರುವುದು ಎಸ್ತೆಲಿಯಂಥ ಕಣಿವೆಗಳ ಮಣ್ಣಿನ ಮೇಲೆ, ರಾಶಿ ಹಾಕಿದ ಎಲೆ ಒಳಗೇ ಬಿಸಿಯಾಗಿ ಹುದುಗಿ ಅಮೋನಿಯಾ ಬಿಡುವುದರ ಮೇಲೆ, ಆಮೇಲಿನ ವರ್ಷಗಳ ಮಾಗುವಿಕೆಯ ಮೇಲೆ. ಸಿಗಾರ್‌ನ ಮೇಲಿನ ಪಟ್ಟಿಯಲ್ಲಿ ಇವುಗಳಲ್ಲಿ ಒಂದೂ ಬರೆದಿರುವುದಿಲ್ಲ.

ಹಾಗಾದರೆ ಲೋಟದಲ್ಲಿ ಹುಡುಕಬೇಕಾದದ್ದೇನು? ಬಣ್ಣವನ್ನು ಮೊದಲೇ ಪಕ್ಕಕ್ಕಿಡಬಹುದು. ಸ್ಕಾಚ್‌ಗೂ ಕ್ಯಾರಮೆಲ್ ಬಣ್ಣ ಬೆರೆಸಲು ಕಾನೂನಿನ ಅನುಮತಿ ಇದೆ. ಕೆಳಗೆ ಅಗಲ, ಬಾಯಿಯಲ್ಲಿ ಕಿರಿದಾದ ಗಾಜಿನ ಲೋಟ ಪರಿಮಳವನ್ನು ಹಿಡಿದಿಡುತ್ತದೆ. ಮೂಗನ್ನು ಒಳಗೆ ತೂರಿಸದೆ ಅಂಚಿನಲ್ಲಿ ಹಿಡಿದು, ಬಾಯಿ ತುಸು ತೆರೆದು ಮೂಸಿದರೆ ಮದ್ಯಸಾರದ ಘಾಟು ಕಡಿಮೆ ತಾಗುತ್ತದೆ. ಅಮೃತ್‌ನ ‘ಫ್ಯೂಷನ್’ ಎಂಬ ವಿಸ್ಕಿ 50 ಪ್ರತಿಶತ ಮದ್ಯಸಾರದ್ದಾದ್ದರಿಂದ ಕೆಲವು ಹನಿ ನೀರು ಬೇಕೇ ಬೇಕು. ನೀರು ಹಾಕುವುದು ಅರಸಿಕತನ ಎಂಬ ನಂಬಿಕೆಗೆ ಆಧಾರವಿಲ್ಲ. ಹೊಗೆಯ ವಾಸನೆ ಕೊಡುವ ಗ್ವಾಯಕಾಲ್ ಎಂಬ ಅಣು, ನೀರು ಬೆರೆತಾಗ ದ್ರವದ ಮೇಲ್ಮೈಯತ್ತ ಸರಿಯುತ್ತದೆಂದು ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಕಂಪ್ಯೂಟರ್ ಅನುಕರಣೆಯಿಂದ 2017ರಲ್ಲಿ ತೋರಿಸಿದ್ದಾರೆ. ಫ್ಯೂಷನ್‌ನಲ್ಲಿ ಇದನ್ನು ಗಮನಿಸುವುದು ಸುಲಭ, ಏಕೆಂದರೆ ಅದರಲ್ಲಿ ಭಾರತದ ಬಾರ್ಲಿಯ ಜೊತೆಗೆ ಸ್ಕಾಟ್ಲೆಂಡಿನಿಂದ ತರಿಸಿದ, ಪೀಟ್ ಎಂಬ ಜೌಗುಮಣ್ಣಿನ ಹೊಗೆ ಹಿಡಿಸಿದ ಬಾರ್ಲಿಯೂ ಇದೆ. ಚೆನ್ನಾಗಿ ಮಾಗಿದ್ದರ ಲಕ್ಷಣ ಮೂರರಲ್ಲಿ ಕಾಣುತ್ತದೆ: ಹೊಸ ಮದ್ಯದ ಕಮಟು ಹೋಗಿರಬೇಕು, ಮರದ ಒಗರು ಹಿನ್ನೆಲೆಯಲ್ಲಿ ಇರಬೇಕೇ ವಿನಾ ನಾಲಿಗೆಯ ಮೇಲೆ ಸವಾರಿ ಮಾಡಬಾರದು, ಇವೆರಡರ ನಡುವೆ ಹಣ್ಣಿನದೋ ಬೆಲ್ಲದ ಪಾಕದ್ದೋ ಕಿತ್ತಳೆ ಸಿಪ್ಪೆಯದೋ ಒಂದು ರುಚಿ ನುಂಗಿದ ಮೇಲೂ ನಿಲ್ಲಬೇಕು. ಮೂರನೆಯದಿಲ್ಲದೆ ಮೊದಲೆರಡು ಇದ್ದರೆ ಅದು ಪೀಪಾಯಿಯಲ್ಲಿ ಇಟ್ಟದ್ದು, ಮಾಗಿದ್ದಲ್ಲ.

ನಾಲಿಗೆಯ ಸಾಕ್ಷ್ಯ ನಂಬಲರ್ಹವೇ ಎಂದು ಕೇಳಬಹುದು. ವಿಸ್ಕಿ ವಿಮರ್ಶಕ ಜಿಮ್ ಮರ್ರೆ ತಮ್ಮ 2010ರ ‘ವಿಸ್ಕಿ ಬೈಬಲ್’ನಲ್ಲಿ ಫ್ಯೂಷನ್‌ಗೆ 97 ಅಂಕ ಕೊಟ್ಟು ಜಗತ್ತಿನ ಮೂರನೆಯ ಸ್ಥಾನದಲ್ಲಿ ಕೂರಿಸಿದರು, ಅಮೃತ್‌ನ ಕೀರ್ತಿ ಏರಿದ್ದು ಅಲ್ಲಿಂದ. ಆದರೆ ಅದು ಒಬ್ಬರ ನಾಲಿಗೆ, ಹೆಸರು ನೋಡಿಯೇ ಕುಡಿದದ್ದಿರಬಹುದು. ಗ್ಲಾಸ್ಗೋದ ‘ಪಾಟ್ ಸ್ಟಿಲ್’ ಎಂಬ ಪಬ್ಬಿನಲ್ಲಿ ಹೆಸರು ಮುಚ್ಚಿ ಕೊಟ್ಟಾಗ ಅಲ್ಲಿನವರು ಅಮೃತ್ ಅನ್ನು ಸ್ಕಾಟ್ಲೆಂಡಿನ ಸ್ಪೇಸೈಡ್ ಪ್ರದೇಶದ ವಯಸ್ಸಾದ ಮಾಲ್ಟ್ ಎಂದುಕೊಂಡರೆಂಬ ಕತೆಯನ್ನೂ ಹೇಳಿದವರು ಕಂಪನಿಯವರೇ, ಆದ್ದರಿಂದ ಅದಕ್ಕೆ ಅಷ್ಟೇ ತೂಕ. ಇವುಗಳಿಗಿಂತ ಗಟ್ಟಿಯಾದದ್ದು ತೈವಾನಿನ ಉದಾಹರಣೆ. 2010ರಲ್ಲಿ ಬ್ರಿಟನ್ನಿನ ‘ದಿ ಟೈಮ್ಸ್’ ಪತ್ರಿಕೆ ಎಡಿನ್‌ಬರೋದ ಲೀತ್‌ನಲ್ಲಿ ನಡೆಸಿದ, ಹೆಸರು ಮರೆಮಾಡಿದ ಪರೀಕ್ಷೆಯಲ್ಲಿ, 2008ರಲ್ಲಷ್ಟೇ ಮಾರುಕಟ್ಟೆಗೆ ಬಂದಿದ್ದ ಕವಲಾನ್ ಎಂಬ ಬಿಸಿ ಹವೆಯ ವಿಸ್ಕಿ ಸ್ಕಾಚ್‌ಗಳನ್ನು ಹಿಂದೆ ಹಾಕಿತು. ತೀರ್ಪು ಕೊಟ್ಟವರು ಸ್ಕಾಚ್ ಬಲ್ಲವರೇ.

ವಯಸ್ಸಿನ ಅಂಕಿ ತೆಗೆದುಹಾಕಿದರೆ ಕೊಳ್ಳುವವರಿಗೆ ಮೋಸವಾಗದೇ ಎಂಬುದು ಉಳಿದ ಆಕ್ಷೇಪ, ಮತ್ತು ಅದು ನ್ಯಾಯವಾದದ್ದು. ಕಾಕಂಬಿಯ ಮದ್ಯಸಾರಕ್ಕೆ ಒಂದಿಷ್ಟು ಮಾಲ್ಟ್ ಸೇರಿಸಿದ್ದೂ ನಮ್ಮಲ್ಲಿ ವಿಸ್ಕಿ ಎಂದೇ ಮಾರಾಟವಾಗುತ್ತದೆ. ಯೂರೋಪಿನ ಕಾನೂನು ಅದಕ್ಕೆ ಆ ಹೆಸರನ್ನೇ ಕೊಡುವುದಿಲ್ಲ. ಇಂಥ ಮಾರುಕಟ್ಟೆಯಲ್ಲಿ ವಯಸ್ಸನ್ನು ಬಿಟ್ಟುಕೊಡಿ ಎನ್ನುವುದು ಬಾಟಲಿಯ ಚಂದಕ್ಕೆ ಮರುಳಾಗಿ ಎಂದಂತೆಯೇ ಆದೀತು. ಮಾಗುವಿಕೆಯಿಂದ ಮದ್ಯದ ಅಪಾಯ ಒಂದಿಷ್ಟೂ ತಗ್ಗುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಎಷ್ಟೇ ದುಬಾರಿಯದಾದರೂ ಅದರ ಎಥನಾಲ್ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲೇ ಇದೆ. ಸುರಕ್ಷಿತ ಪ್ರಮಾಣ ಎಂಬುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಮತ್ತೆ ಹೇಳಿದೆ. ಸವಿ ನೋಡುವವರಿಗೆ ಒಂದೆರಡು ಚಮಚದಷ್ಟು ಸಾಕಾಗುತ್ತದೆ. ಇನ್ನು ಮೋಸದ ಪ್ರಶ್ನೆಗೆ ಪರಿಹಾರ ಒಂದಂಕಿಯ ಬದಲು ಪೂರ್ಣ ವಿವರ ಕೊಡುವುದು: ಪೀಪಾಯಿಗೆ ತುಂಬಿದ ತಿಂಗಳು-ವರ್ಷ, ಬಾಟಲಿಗೆ ಇಳಿಸಿದ ತಿಂಗಳು-ವರ್ಷ, ಪೀಪಾಯಿಯಲ್ಲಿ ಮೊದಲು ಏನಿತ್ತು ಮತ್ತು ಅದು ಎಷ್ಟನೆಯ ಬಳಕೆ, ಮಾಗಿದ ಊರು ಯಾವುದು, ಬಣ್ಣ ಬೆರೆಸಿದೆಯೇ ಎಂಬುದು. ಒಂದೇ ಪೀಪಾಯಿಯ ವಿಶೇಷ ಬಾಟಲಿಗಳ ಮೇಲೆ ಇಂಥ ವಿವರ ಹಾಕುವ ರೂಢಿ ಈಗಾಗಲೇ ಇದೆ. ಕರ್ನಾಟಕದಲ್ಲಿ ತಯಾರಾಗುವ ಪ್ರತಿ ಸಿಂಗಲ್ ಮಾಲ್ಟ್ ಬಾಟಲಿಯ ಮೇಲೂ ಇದನ್ನು ಕನ್ನಡದಲ್ಲಿ ಅಚ್ಚು ಹಾಕುವುದಕ್ಕೆ ತಯಾರಕರು ಹೊಸ ಕಾನೂನಿಗೆ ಕಾಯಬೇಕಿಲ್ಲ. ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದದ್ದೂ ಇದನ್ನೇ.