ಒಂದು ಕ್ಲಿಕ್ ಎರಡಾಗುತ್ತಿದೆಯೇ? ವೈರಸ್ ಅಲ್ಲ, ಮೌಸ್‌ನ ಸ್ವಿಚ್ ನೋಡಿ

ಫೋಲ್ಡರ್ ಮೇಲೆ ಒಮ್ಮೆ ಒತ್ತಿದರೆ ಅದು ತೆರೆದೇಬಿಡುತ್ತದೆ. ಫೈಲ್ ಹಿಡಿದು ಎಳೆದರೆ ನಡುದಾರಿಯಲ್ಲೇ ಬೀಳುತ್ತದೆ. ಹೀಗಾದಾಗ "ವೈರಸ್ ಹೊಕ್ಕಿದೆ, ಫಾರ್ಮ್ಯಾಟ್ ಮಾಡಿಸಿ" ಎಂಬ ಸಲಹೆ ಬೇಗ ಸಿಗುತ್ತದೆ. ಹೆಚ್ಚಿನ ಸಲ ಅದು ತಪ್ಪು. ಫಾರ್ಮ್ಯಾಟ್ ಮಾಡಿಸಿದರೆ ಹಣ ಹೋಗುತ್ತದೆ, ಬ್ಯಾಕಪ್ ಇಲ್ಲದ ಫೋಟೊ, ದಾಖಲೆಗಳೂ ಹೋಗುತ್ತವೆ. ತೊಂದರೆ ಮಾತ್ರ ಅಲ್ಲೇ ಇರುತ್ತದೆ.

ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯನ್ನೇ ತೆಗೆದುಕೊಳ್ಳಿ. ತುಂಗಭದ್ರೆಯ ದಂಡೆಯ ಈ ಊರು ವಿಜಯದಾಸರ ಹುಟ್ಟೂರೆಂದು ಹಲವರಿಗೆ ಗೊತ್ತು. ಇಂತಹ ಊರಲ್ಲಿ ಪಹಣಿ ತೆಗೆಯುವಾಗಲೋ ಬೆಳೆ ವಿಮೆಯ ಅರ್ಜಿ ತುಂಬುವಾಗಲೋ ಮೌಸ್ ಕೈಕೊಟ್ಟರೆ, ಬಿಡಿಭಾಗಕ್ಕೆ ಮಾನ್ವಿಗೋ ರಾಯಚೂರಿಗೋ ಬಸ್ ಹತ್ತಬೇಕಾದೀತು. ಅದಕ್ಕೂ ಮೊದಲು ಐದು ನಿಮಿಷದ ಪರೀಕ್ಷೆ ಮಾಡಿ.

ವಿಂಡೋಸ್‌ನ ಮೌಸ್ ಸೆಟ್ಟಿಂಗ್‌ನಲ್ಲಿ ಮುಖ್ಯ ಬಟನ್ ಅನ್ನು ಎಡದಿಂದ ಬಲಕ್ಕೆ ಬದಲಿಸಿ. ಈಗ ಬಲ ಬಟನ್ ಒತ್ತಿದಾಗ ಎಲ್ಲ ಸರಿಯಿದ್ದರೆ ತಪ್ಪು ಕಂಪ್ಯೂಟರ್‌ನದ್ದಲ್ಲ, ಎಡ ಬಟನ್‌ನದ್ದು. ಓಟಿಜಿ ಕೇಬಲ್ ಇದ್ದರೆ ಅದೇ ಮೌಸ್ ಅನ್ನು ಆಂಡ್ರಾಯ್ಡ್ ಫೋನ್‌ಗೆ ಸಿಕ್ಕಿಸಿಯೂ ನೋಡಬಹುದು. ಬೇರೆ ಮೌಸ್ ಹಾಕಿದರೂ ಫೋಲ್ಡರ್ ಒಂದೇ ಕ್ಲಿಕ್‌ಗೆ ತೆರೆದರೆ, ಫೋಲ್ಡರ್ ಆಯ್ಕೆಗಳಲ್ಲಿ "ಸಿಂಗಲ್ ಕ್ಲಿಕ್" ಆನ್ ಆಗಿದೆಯೇ ನೋಡಿ. ಅದು ರೋಗವೇ ಅಲ್ಲ.

ಒಳಗೆ ಆಗುವುದೇನು?

ಬಟನ್ ಕೆಳಗೆ ಸುಮಾರು 13 ಮಿ.ಮೀ. ಉದ್ದದ, ಮೂರು ಕಾಲಿನ ಮೈಕ್ರೋಸ್ವಿಚ್ ಇರುತ್ತದೆ. ಒತ್ತಿದಾಗ ಅದರೊಳಗಿನ ತೆಳು ಲೋಹದ ಸ್ಪ್ರಿಂಗ್ ಟಕ್ಕೆಂದು ಹಾರಿ ಇನ್ನೊಂದು ತುದಿಗೆ ತಾಗುತ್ತದೆ. ನೆಲಕ್ಕೆ ಬಿದ್ದ ಗೋಲಿಯಂತೆ ಅದು ಸ್ವಲ್ಪ ಪುಟಿಯುವುದು ಸಹಜ. ಕೆಲವು ಮಿಲಿಸೆಕೆಂಡ್‌ಗಳ ಆ ಪುಟಿತವನ್ನು ಮೌಸ್‌ನ ಚಿಪ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸ್ಪ್ರಿಂಗ್ ದಣಿದು, ತುದಿಯಲ್ಲಿ ಆಕ್ಸೈಡ್ ಪದರ ಕಟ್ಟಿದಾಗ ಸಂಪರ್ಕ ಹೆಚ್ಚು ಹೊತ್ತು ಕಡಿದು ಕಡಿದು ಬರುತ್ತದೆ. ಚಿಪ್ ಅದನ್ನು ಎರಡನೇ ಕ್ಲಿಕ್ ಎಂದು ಎಣಿಸುತ್ತದೆ. 500 ಮಿಲಿಸೆಕೆಂಡ್ ಒಳಗೆ ಎರಡು ಕ್ಲಿಕ್ ಬಂದರೆ ವಿಂಡೋಸ್‌ಗೆ ಅದು ಡಬಲ್ ಕ್ಲಿಕ್. ಸೆಟ್ಟಿಂಗ್‌ನಲ್ಲಿ ವೇಗ ಬದಲಿಸಿದರೂ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಈ ಸುಳ್ಳು ಕ್ಲಿಕ್ ಅದಕ್ಕಿಂತ ಬಹಳ ಬೇಗ ಬರುತ್ತದೆ.

ಓಮ್ರಾನ್ ಕಂಪನಿಯ ಡಿ2ಎಫ್‌ಸಿ ಸರಣಿಯಲ್ಲಿ 10ಎಂ ಎಂದಿದ್ದರೆ 1 ಕೋಟಿ ಒತ್ತುಗಳೆಂದು ಅರ್ಥ. ಅದು ಯಂತ್ರಭಾಗದ ಆಯುಷ್ಯದ ಅಂದಾಜು, ಗ್ಯಾರಂಟಿಯಲ್ಲ.

ಬದಲಿಸುವುದು ಹೇಗೆ?

ವಾರಂಟಿ ಇದ್ದರೆ ಬಿಚ್ಚಬೇಡಿ. ಇಲ್ಲದಿದ್ದರೆ ಕೇಬಲ್ ಅಥವಾ ಬ್ಯಾಟರಿ ತೆಗೆದು, ಅಡಿಯ ಜಾರುಪಟ್ಟಿ ಮತ್ತು ಸ್ಟಿಕ್ಕರ್ ಕೆಳಗೆ ಅಡಗಿರುವ ಸ್ಕ್ರೂ ಹುಡುಕಿ. ಬೋರ್ಡ್ ಹೊರಬಂದ ಕೂಡಲೇ ಫೋನಿನಲ್ಲಿ ಒಂದು ಫೋಟೊ ಹೊಡೆದುಕೊಳ್ಳಿ, ಇದನ್ನು ಮರೆಯಬೇಡಿ. ಸ್ವಿಚ್‌ನ ಕಾಲುಗಳು ಸಮದೂರದಲ್ಲಿರುವುದರಿಂದ ಅದು ತಿರುಗುಮುರುಗಾಗಿಯೂ ಕೂರುತ್ತದೆ, ಹಾಗೆ ಕೂತರೆ ಕ್ಲಿಕ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಮೂರೂ ಕಾಲುಗಳಿಗೆ ಸ್ವಲ್ಪ ಹೊಸ ಬೆಸುಗೆ ಸೇರಿಸಿ ಕರಗಿಸಿ, ಹೀರುವ ಪಂಪ್‌ನಿಂದ ತೆಗೆಯಿರಿ. ಜಗ್ಗಬೇಡಿ, ಬೋರ್ಡ್‌ನ ತಾಮ್ರದ ಬಿಲ್ಲೆ ಕಿತ್ತುಬರುತ್ತದೆ.

ಹೊಸ ಸ್ವಿಚ್ ಸಿಗದಿದ್ದರೆ? ಬಲ ಬಟನ್‌ನದ್ದು ಅದೇ ಮಾದರಿಯಾಗಿದ್ದರೆ ಎರಡನ್ನೂ ಅದಲುಬದಲು ಮಾಡಿ. ಬಲ ಬಟನ್ ಕಡಿಮೆ ಬಳಕೆಯಾಗಿರುತ್ತದೆ, ಹಾಗಾಗಿ ಮೌಸ್ ಇನ್ನೂ ಕೆಲಕಾಲ ದುಡಿಯುತ್ತದೆ. ಖರ್ಚು ಬೆಸುಗೆಯದ್ದಷ್ಟೇ. ಹಳೆಯ ಗುಜರಿ ಮೌಸ್‌ನಿಂದ ಕಿತ್ತ ಸ್ವಿಚ್ ಕೂಡ ಆದೀತು, ಅಳತೆ ಹೊಂದಬೇಕು ಅಷ್ಟೇ. ಬೆಳಕಿನಿಂದ ಕ್ಲಿಕ್ ಗುರುತಿಸುವ ಕೆಲವು ದುಬಾರಿ ಗೇಮಿಂಗ್ ಮೌಸ್‌ಗಳಿಗೆ ಈ ಉಪಾಯ ನಡೆಯದು.

ಸೀಮೆಎಣ್ಣೆ, ಕೊಬ್ಬರಿ ಎಣ್ಣೆ ಬಿಡುವ ಸಲಹೆಯನ್ನು ಮುಂದಕ್ಕೆ ಕಳಿಸಬೇಡಿ. ಎಣ್ಣೆಗೆ ಧೂಳು ಅಂಟುತ್ತದೆ, ಲೆನ್ಸ್ ಮಸುಕಾಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಕೆಲವೊಮ್ಮೆ ಕೆಲದಿನ ಉಪಶಮನ ಕೊಡುತ್ತದೆ, ಸವೆದ ಸ್ಪ್ರಿಂಗ್ ಹೊಸದಾಗುವುದಿಲ್ಲ. ಸಾಮಾನ್ಯ ಬೆಸುಗೆ ತಂತಿಯಲ್ಲಿ ಸೀಸ ಇರುತ್ತದೆ. ಕಿಟಕಿ ತೆರೆದು ಕೆಲಸ ಮಾಡಿ, ಮುಗಿದ ಮೇಲೆ ಸೋಪಿನಿಂದ ಕೈ ತೊಳೆದೇ ಊಟಕ್ಕೆ ಕೂರಿ.