ದ್ರವ–ದ್ರವ ನಿಷ್ಕರ್ಷಣ ಕಾಲಮ್: ದಕ್ಷತೆಯ ಸುಧಾರಣೆ

ಒಂದು ದ್ರವದಲ್ಲಿ ಕರಗಿದ ಅಂಶವನ್ನು, ಅದರೊಂದಿಗೆ ಬೆರೆಯದ ಇನ್ನೊಂದು ದ್ರವ ಬಳಸಿ ಸೆಳೆದು ತೆಗೆಯುವ ಎತ್ತರದ ಉಪಕರಣವೇ ದ್ರವ–ದ್ರವ ನಿಷ್ಕರ್ಷಣ ಕಾಲಮ್. ಭಾರದ ದ್ರವ ಮೇಲಿನಿಂದ ಇಳಿಯುತ್ತದೆ, ಹಗುರದ್ದು ಕೆಳಗಿನಿಂದ ಏರುತ್ತದೆ. ಒಂದು ಹನಿಗಳಾಗಿ ಚದುರಿ ಇನ್ನೊಂದರ ಮೂಲಕ ಹಾಯುತ್ತದೆ. ಕುದಿಬಿಂದುಗಳು ತೀರ ಹತ್ತಿರವಿದ್ದು ಬಟ್ಟಿ ಇಳಿಸುವುದು ಕಷ್ಟವಾದಾಗ ಈ ವಿಧಾನ ನೆರವಿಗೆ ಬರುತ್ತದೆ.

ದೆಹಲಿ ಸುತ್ತಲಿನ ಪೆಟ್ರೋಲಿಯಂ ಸಂಶೋಧನೆಗೆ ಇದು ಪರಿಚಿತ ವಿಷಯ. ಫರೀದಾಬಾದ್‌ನಲ್ಲಿ 1972ರಲ್ಲಿ ಆರಂಭವಾದ ಇಂಡಿಯನ್ ಆಯಿಲ್ ಸಂಶೋಧನಾ ಕೇಂದ್ರ ಎಂಜಿನ್ ಎಣ್ಣೆಗಳ ಅಧ್ಯಯನಕ್ಕೆ ಹೆಸರಾಗಿದೆ. ಅಂಥ ಎಣ್ಣೆಯ ಮೂಲದ್ರವ್ಯದಲ್ಲಿ ಆರೋಮ್ಯಾಟಿಕ್‌ಗಳು ಹೆಚ್ಚಿದ್ದರೆ ಬಿಸಿಯೇರಿದಂತೆ ಸ್ನಿಗ್ಧತೆ ಬೇಗ ಕುಸಿಯುತ್ತದೆ. ಅವನ್ನು ಫರ್ಫ್ಯೂರಲ್ ಅಥವಾ ಎನ್‌ಎಂಪಿ ದ್ರಾವಕದಿಂದ ತೆಗೆಯುತ್ತಾರೆ. 1965ರಲ್ಲಿ ಸ್ಥಾಪನೆಯಾದ ಎಂಜಿನಿಯರ್ಸ್ ಇಂಡಿಯಾ ಲಿಮಿಟೆಡ್‌ನ ಪ್ರಧಾನ ಕಚೇರಿ ದೆಹಲಿಯಲ್ಲಿ, ಸಂಶೋಧನಾ ಕೇಂದ್ರ ಗುರುಗ್ರಾಮದಲ್ಲಿದೆ. ಡೆಹ್ರಾಡೂನ್‌ನ ಭಾರತೀಯ ಪೆಟ್ರೋಲಿಯಂ ಸಂಸ್ಥೆಯ ಜೊತೆಗೂಡಿ ಅದು ಎನ್‌ಎಂಪಿ ಮತ್ತು ಸಲ್ಫೋಲೇನ್ ಆಧಾರಿತ ನಿಷ್ಕರ್ಷಣ ತಂತ್ರಜ್ಞಾನಗಳನ್ನು ರೂಪಿಸಿದೆ.

ದಕ್ಷತೆಯ ಗುಟ್ಟು ಹನಿಯ ಗಾತ್ರದಲ್ಲಿದೆ. ಕಾಲಮ್‌ನ ಗಾತ್ರದಲ್ಲಿ ಶೇ. 10ರಷ್ಟು ಹನಿಗಳಿದ್ದು, ಅವುಗಳ ಸರಾಸರಿ ವ್ಯಾಸ 2 ಮಿ.ಮೀ. ಇದ್ದರೆ ಪ್ರತಿ ಘನ ಮೀಟರಿಗೆ 300 ಚದರ ಮೀಟರ್ ಸಂಪರ್ಕ ಮೇಲ್ಮೈ ಸಿಗುತ್ತದೆ. ವ್ಯಾಸ 1 ಮಿ.ಮೀ.ಗೆ ಇಳಿದರೆ 600. ಹನಿಗಳನ್ನು ಒಡೆಯಲೆಂದೇ 1950ರ ದಶಕದ ಆರಂಭದಲ್ಲಿ ಶೆಲ್ ಕಂಪನಿಯ ರೇಮನ್ ತಿರುಗುವ ತಟ್ಟೆಗಳ ಕಾಲಮ್ ಅನ್ನು ಪರಿಚಯಿಸಿದರು.

ಆದರೆ ತಟ್ಟೆಗಳ ವೇಗ ಹೆಚ್ಚಿಸುತ್ತ ಹೋದರೆ ಲಾಭ ಮುಗಿದು ನಷ್ಟ ಶುರುವಾಗುತ್ತದೆ. ತೀರ ಸಣ್ಣ ಹನಿಗಳು ಎದುರು ಹರಿವನ್ನು ಮೀರಲಾರದೆ ಅದರೊಂದಿಗೇ ಕೊಚ್ಚಿಹೋಗುತ್ತವೆ. ಕಾಲಮ್ ಉಕ್ಕಿ ಬೇರ್ಪಡಿಕೆ ಕೆಡುತ್ತದೆ. ಮೇಲಿನ ದ್ರವ ಕೆಳಗಿನದರೊಂದಿಗೆ ಬೆರೆತು, ಹಂತಹಂತವಾಗಿ ಮೂಡಬೇಕಾದ ಸಾಂದ್ರತೆಯ ವ್ಯತ್ಯಾಸವೂ ಅಳಿಸುತ್ತದೆ. ಈ ಹಿಮ್ಮಿಶ್ರಣ ಅಗಲವಾದ ಕಾಲಮ್‌ಗಳಲ್ಲಿ ಹೆಚ್ಚು ಕಾಡುವುದರಿಂದ, ಪ್ರಯೋಗಾಲಯದ ಫಲಿತಾಂಶವನ್ನು ಕಾರ್ಖಾನೆಗೆ ನೇರವಾಗಿ ಹಿಗ್ಗಿಸಲಾಗದು.

ಹಾಗಾಗಿ ಸುಧಾರಣೆ ಹಲವು ಕಡೆಯಿಂದ ನಡೆಯುತ್ತದೆ. ಹಳೆಯ ತಟ್ಟೆಗಳ ಬದಲು ಸುವ್ಯವಸ್ಥಿತ ಪ್ಯಾಕಿಂಗ್ ಹಾಕುವುದು ಒಂದು ದಾರಿ. ಪ್ಯಾಕಿಂಗ್‌ನ ಮೇಲ್ಮೈಯನ್ನು ಹನಿಯಾಗದ, ಅಖಂಡವಾದ ದ್ರವವೇ ತೋಯಿಸಬೇಕು. ಇಲ್ಲದಿದ್ದರೆ ಹನಿಗಳು ಅದಕ್ಕೆ ಅಂಟಿ ಒಂದಾಗುತ್ತವೆ. ಒಳಬರುವ ದ್ರವವನ್ನು ಅಡ್ಡಕೊಯ್ತದುದ್ದಕ್ಕೂ ಸಮನಾಗಿ ಹಂಚುವ ವಿತರಕವೂ ಅಷ್ಟೇ ಮುಖ್ಯ.

ರಾಸಾಯನಿಕ ಕಾರಣಗಳೂ ಇವೆ. ಸೆಳೆಯಬೇಕಾದ ಅಂಶ ಹನಿಯಿಂದ ಹೊರಕ್ಕೆ ಹೋಗುವಾಗ ಹನಿಗಳು ಸಾಮಾನ್ಯವಾಗಿ ಬೇಗ ಕೂಡಿಕೊಂಡು ದೊಡ್ಡದಾಗುತ್ತವೆ. ಒಳಕ್ಕೆ ಬರುವಾಗ ಸಣ್ಣದಾಗಿಯೇ ಉಳಿಯುತ್ತವೆ. ಯಾವ ದ್ರವವನ್ನು ಹನಿಯಾಗಿಸಬೇಕೆಂಬ ಆಯ್ಕೆಗೆ ಇದೂ ಆಧಾರ. ಸಾಬೂನಿನಂಥ ಕಲ್ಮಶ ಅತ್ಯಲ್ಪವಿದ್ದರೂ ಹನಿಯ ಒಳಗಿನ ಸುತ್ತಾಟ ನಿಂತು ವರ್ಗಾವಣೆ ಕುಗ್ಗುತ್ತದೆ.

ಇಷ್ಟೆಲ್ಲ ಶ್ರಮದ ಫಲ ಇಂಧನದ ಉಳಿತಾಯದಲ್ಲಿ ಕಾಣುತ್ತದೆ. ಕಾಲಮ್ ಚೆನ್ನಾಗಿ ದುಡಿದರೆ ಅದೇ ಶುದ್ಧತೆಗೆ ಕಡಿಮೆ ದ್ರಾವಕ ಸಾಕು. ಆ ದ್ರಾವಕವನ್ನು ಕುದಿಸಿ ಮರಳಿ ಪಡೆಯಲು ಬೇಕಾದ ಶಾಖವೂ ಅಷ್ಟರಮಟ್ಟಿಗೆ ಇಳಿಯುತ್ತದೆ.