ತೋಪಿನ ಬುರುಜು, ದುರ್ಬೀನಿನ ಸ್ಟ್ಯಾಂಡು

ಚಿಕ್ಕ ಟೆಲಿಸ್ಕೋಪ್ ಕೊಳ್ಳೋರು ಮೊದಲು ಕೇಳೋದು “ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ?” ಅಂತ. ಕೇಳಬೇಕಾದ ಪ್ರಶ್ನೆ ಬೇರೆ: ಕೊಳವೆ ಯಾವುದರ ಮೇಲೆ ಕೂರುತ್ತೆ? ಹೊರುವ ಮೌಂಟ್ ಅಲುಗಾಡಿದರೆ ಗುರುಗ್ರಹವೂ ಅಲುಗಾಡುತ್ತದೆ. ನನಗೆ ಬೇಕಿದ್ದದ್ದು ರೈಲಿನಲ್ಲಿ ಹುಮನಾಬಾದಿಗೆ ಒಯ್ದು, ಅಲ್ಲಿಂದ ಬಸ್ಸಿನಲ್ಲಿ ಬಸವಕಲ್ಯಾಣದ ಕಡೆಯ ಹಳ್ಳಿಯ ಮಾಳಿಗೆ ಹತ್ತಿಸಬಹುದಾದ, ಕರೆಂಟ್ ಬೇಡದ ಮೌಂಟ್. ಹುಡುಕುತ್ತಾ ಹೋದರೆ ಅದರ ಹಿಂದೆ ಒಂದು ಇತಿಹಾಸವೇ ಇತ್ತು.

ಮೌಂಟ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಆಲ್ಟ್-ಅಜಿಮತ್: ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ, ಅಷ್ಟೇ. ಇನ್ನೊಂದು ಈಕ್ವಟೋರಿಯಲ್: ಇದರ ಒಂದು ಅಕ್ಷ ಆಕಾಶದ ಧ್ರುವದ ಕಡೆ ವಾಲಿರುತ್ತದೆ. ಆ ಅಕ್ಷವೊಂದನ್ನೇ ಗಂಟೆಗೆ 15 ಡಿಗ್ರಿಯಂತೆ ತಿರುಗಿಸಿದರೆ ಸಾಕು, ನಕ್ಷತ್ರ ಕಣ್ತಪ್ಪುವುದಿಲ್ಲ. 1824ರಲ್ಲಿ ಫ್ರಾನ್‌ಹೋಫರ್ ಡೋರ್ಪಾಟ್ ವೇಧಶಾಲೆಗೆ ಗಡಿಯಾರ ಯಂತ್ರ ಜೋಡಿಸಿದ ಇಂಥದ್ದನ್ನು ಕೊಟ್ಟ ಮೇಲೆ, ಆಕಾಶ ಅಳೆಯುವವರ ಮೌಂಟ್ ಇದೇ ಆಯಿತು.

ಅದು ಕನ್ನಡ ನೆಲಕ್ಕೂ ಬಂತು. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣಕ್ಕೆ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಈಕ್ವಟೋರಿಯಲ್ ಟೆಲಿಸ್ಕೋಪನ್ನು ಜಮಖಂಡಿಗೆ ತಂದರು. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ಮೊಮ್ಮಗ ಇವರು. ಮೋಡ ಸರಿದ ಸ್ವಲ್ಪ ಹೊತ್ತಿನಲ್ಲೇ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕಿನಲ್ಲಿ ಪ್ರಖರ ಬಣ್ಣದ ಗೆರೆಗಳನ್ನು ಕಂಡರು. ಅಂದರೆ ಆ ಜ್ವಾಲೆಗಳು ಉರಿಯುವ ಅನಿಲ. ಕೆಲವೇ ನಿಮಿಷದ ಕತ್ತಲಲ್ಲಿ ಗುರಿ ಕೈಬಿಡದ ಮೌಂಟ್ ಅಲ್ಲಿ ಬೇಕೇ ಬೇಕಿತ್ತು.

ನಮ್ಮ ಬೀದರ್ ಸೀಮೆ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, 1948ರವರೆಗೂ ಇತ್ತು. ಆ ಸಂಸ್ಥಾನದ ನವಾಬ್ ಜಫರ್ ಜಂಗ್ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಗ್ರಬ್ ಕಂಪನಿಯ 15 ಇಂಚಿನ ಟೆಲಿಸ್ಕೋಪ್ ತರಿಸಿ ಸ್ವಂತ ವೇಧಶಾಲೆ ಕಟ್ಟಿದರು. 1908ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡು ನಿಜಾಮಿಯಾ ವೇಧಶಾಲೆ ಮಾಡಿತು. ಇಡೀ ಆಕಾಶದ ಫೋಟೋ ನಕ್ಷೆ ತಯಾರಿಸುವ ಅಂತರರಾಷ್ಟ್ರೀಯ ಕೆಲಸದಲ್ಲಿ ಅದಕ್ಕೂ ಒಂದು ಪಾಲು ಸಿಕ್ಕಿತು. ದೊಡ್ಡ ಕೆಲಸವೇ. ಆದರೆ ಆ ಯಂತ್ರಗಳಿಗೆ ಗುಮ್ಮಟ ಬೇಕು, ಬುನಾದಿ ಬೇಕು, ಸಂಬಳದ ಜನ ಬೇಕು. ಹುಮನಾಬಾದಿನ ಹುಡುಗನ ಕಣ್ಣು ಅಲ್ಲಿಗೆ ಮುಟ್ಟುವುದು ಎಲ್ಲಿಂದ ಬಂತು?

ಆ ದೂರ ಕಡಿಮೆ ಮಾಡಿದವರು ಅಮೆರಿಕದ ಒಬ್ಬ ಸನ್ಯಾಸಿ. ಜಾನ್ ಡಾಬ್ಸನ್ 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿ ಸೇರಿದವರು. ಹಡಗಿನ ಕಿಟಕಿಯ ಗಾಜು ಉಜ್ಜಿ ಕನ್ನಡಿ ಮಾಡಿದರು, ರಟ್ಟಿನ ಕೊಳವೆ, ಪ್ಲೈವುಡ್ ಪೆಟ್ಟಿಗೆ ಜೋಡಿಸಿದರು. ದುರ್ಬೀನಿನ ಹುಚ್ಚಿಗೆ ಹೊತ್ತುಗೊತ್ತಿಲ್ಲದೆ ಹೊರಗಿರುತ್ತಿದ್ದ ಅವರು 1967ರಲ್ಲಿ ಮಠ ಬಿಡಬೇಕಾಯಿತು. ಮರುವರ್ಷವೇ ಫುಟ್‌ಪಾತ್ ಖಗೋಳಿಗರ ಸಂಘ ಹುಟ್ಟಿತು. ಮೌಂಟ್‌ಗೆ ತಮ್ಮ ಹೆಸರು ಬಿದ್ದದ್ದಕ್ಕೆ ಅವರು ನಗುತ್ತಿದ್ದರು. ಶತಮಾನಗಳಿಂದ ತೋಪುಗಳು ತಿರುಗಿದ್ದೇ ಹೀಗೆ ಎನ್ನುತ್ತಿದ್ದರು. ಬಸವಕಲ್ಯಾಣದ ಕೋಟೆ ನೋಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಬುರುಜಿನ ಮೇಲಿನ ತೋಪನ್ನು ಸುತ್ತ ತಿರುಗಿಸು, ಬಾಯಿ ಎತ್ತು, ಇಳಿಸು. ಅದೇ ಆಲ್ಟ್-ಅಜಿಮತ್.

ಈಗ ಲೆಕ್ಕಕ್ಕೆ ಬರೋಣ. ಸಣ್ಣ ಈಕ್ವಟೋರಿಯಲ್ ಮೌಂಟ್ ಸ್ಟ್ಯಾಂಡು, ಎದುರುತೂಕ ಸೇರಿ ಹತ್ತು ಕೆಜಿ ಆಸುಪಾಸು, ಕೊಳವೆ ಬೇರೆ. ಐದಿಂಚಿನ ಟೇಬಲ್‌ಟಾಪ್ ಡಾಬ್ಸೋನಿಯನ್ ಕೊಳವೆ ಸಮೇತ ಆರೇಳು ಕೆಜಿ. ಬಸವಕಲ್ಯಾಣ ಇರೋದು ಸುಮಾರು 17.9 ಡಿಗ್ರಿ ಅಕ್ಷಾಂಶದಲ್ಲಿ, ಹಾಗಾಗಿ ಧ್ರುವನಕ್ಷತ್ರವೂ ದಿಗಂತದಿಂದ ಅಷ್ಟೇ ಎತ್ತರ. ಪಕ್ಕದ ಮನೆಯ ಬೇವಿನ ಮರ ಸಾಕು ಅದನ್ನು ಮುಚ್ಚೋಕೆ. ಅದು ಕಾಣದೆ ಈಕ್ವಟೋರಿಯಲ್ ಹೊಂದಿಸೋದು ತಾಪತ್ರಯ. ಅಕ್ಷ ಇಷ್ಟು ತಗ್ಗಿದರೆ ಕೆಲವು ಮೌಂಟ್‌ಗಳ ಎದುರುತೂಕ ಸ್ಟ್ಯಾಂಡಿನ ಕಾಲಿಗೇ ಬಡಿಯುತ್ತದೆ. ಗಂಟೆಗಟ್ಟಲೆ ಫೋಟೋ ತೆಗೆಯುವವರು ಈ ಕಷ್ಟ ಪಡಲೇಬೇಕು. ಬರಿಗಣ್ಣಿಟ್ಟು ನೋಡುವವರಿಗೆ ಬೇಡ.

ನಾನು ಡಾಬ್ಸೋನಿಯನ್ನೇ ಆರಿಸಿಕೊಂಡೆ, ತೂಕವೊಂದೇ ಕಾರಣವಲ್ಲ. 60 ಪಟ್ಟು ಹಿಗ್ಗಿಸಿದಾಗ ಗುರು ಈ ಅಂಚಿನಿಂದ ಆ ಅಂಚಿಗೆ ಮೂರು ನಿಮಿಷದಲ್ಲಿ ದಾಟಿಹೋಗುತ್ತಾನೆ. ಸಾಲಿನಲ್ಲಿ ನಿಂತ ಮಗು ತಾನೇ ಪೆಟ್ಟಿಗೆಯನ್ನು ಒಂದಿಷ್ಟು ದೂಡಿ ಅವನನ್ನು ಮತ್ತೆ ಹಿಡಿಯಬೇಕು. “ಯಾಕ ಓಡ್ತಾನ?” ಎಂದು ಕೇಳಿಯೇ ಕೇಳುತ್ತದೆ. ಓಡುತ್ತಿರೋದು ಅವನಲ್ಲ, ನಾವು ನಿಂತ ಮಾಳಿಗೆ. ಗಡಿಯಾರ ಯಂತ್ರದ ಮೌಂಟ್ ಎಷ್ಟೋ ಜಾಣತನದಿಂದ ಮುಚ್ಚಿಡುವ ಭೂಮಿಯ ತಿರುಗಾಟ, ಈ ಪ್ಲೈವುಡ್ ಪೆಟ್ಟಿಗೆಯಲ್ಲಿ ಕೈಗೇ ಸಿಗುತ್ತದೆ.